ದೇಹದ ಸಮತ್ವ, ದೇವರ ಸಾನ್ನಿಧ್ಯ: ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ವಿಜಯದಶಮಿಯ ಮುನ್ನಾದಿನವಾದ ಮಹಾನವಮಿಯಂದು ಕನ್ನಡಿಗರ ಮನೆಮನೆಗಳಲ್ಲಿ ಆಯುಧಪೂಜೆ ನಡೆಯುತ್ತದೆ. ಒಕ್ಕಲಿಗನು ನೇಗಿಲನ್ನೂ, ಬಡಗಿಯು ಉಳಿ ಬಾಚಿಗಳನ್ನೂ, ಗುಮಾಸ್ತನು ಲೇಖನಿಯನ್ನೂ ಲೆಕ್ಕದ ಪುಸ್ತಕವನ್ನೂ ಒರೆಸಿಟ್ಟು, ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ ಕೈಮುಗಿಯುತ್ತಾರೆ. ತನಗೆ ಅನ್ನವಿತ್ತ ಸಾಧನವನ್ನು ದೇವರೆಂದು ಕಾಣುವ ಈ ಆಚಾರವು ನಮ್ಮ ಹಿರಿಯರು ಬಿಟ್ಟುಹೋದ ದೊಡ್ಡ ಸಂಪತ್ತು. ಆದರೆ ನೇಗಿಲನ್ನು ಹಿಡಿಯುವ, ಲೇಖನಿಯನ್ನು ನಡೆಸುವ, ದೇವರ ಮುಂದೆ ದೀಪವನ್ನು ಬೆಳಗುವ ಮೂಲ ಆಯುಧವೊಂದಿದೆ. ಅದೇ ಮಾನವದೇಹ. ಅದಕ್ಕೆ ಸಲ್ಲಬೇಕಾದ ಪೂಜೆಯ ಮಾತು ಮಾತ್ರ ಬಹುಮಂದಿಗೆ ಮರೆತುಹೋಗುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ, ನವೀ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಆಯುಧದ ನೆನಪಾಗುವುದು ಹೆಚ್ಚಾಗಿ ಅದು ಕೆಟ್ಟಾಗಲೇ. ಬೆಳಕು ಹರಿಯುವ ಮೊದಲೇ ಡಬ್ಬಿ ಕಟ್ಟಿಕೊಂಡು, ಕಿಕ್ಕಿರಿದ ಲೋಕಲ್ ಗಾಡಿಯಲ್ಲಿ ಗಂಟೆಗಟ್ಟಲೆ ನಿಂತು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ರಾತ್ರಿ ತಡವಾಗಿ ಮಲಗುವ ಬಾಳಿನಲ್ಲಿ ಜಠರಾಗ್ನಿ ಕೆಡುತ್ತದೆ, ನಿದ್ರೆ ಕೆಡುತ್ತದೆ. ದೇವರ ಮುಂದೆ ಕುಳಿತರೆ ಮನಸ್ಸು ನಿಲ್ಲದು. ದೇವರಿಗೆ ಕೈಮುಗಿಯುವುದು ಒಂದು ಕೆಲಸ, ದೇಹಕ್ಕೆ ಔಷಧ ತರುವುದು ಮತ್ತೊಂದು ಕೆಲಸ ಎಂದು ಬೇರೆಬೇರೆಯಾಗಿ ಎಣಿಸುವುದು ರೂಢಿಯಾಗಿಬಿಟ್ಟಿದೆ. ಈ ಎರಡೂ ಒಂದೇ ಸಾಧನೆಯ ಎರಡು ಮುಖಗಳೆಂಬುದನ್ನು ನೂರು ವರ್ಷಗಳ ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರೊಬ್ಬರು ಕನ್ನಡನಾಡಿನಲ್ಲಿ ಹುಟ್ಟಿದ್ದರು. ಅವರೇ ಪ್ರಾತಃಸ್ಮರಣೀಯರಾದ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು. ಅವರ ಚರಿತ್ರೆಯು ಮೈಸೂರಿನ ದಸರೆಯ ನಾಡಿಗೂ ಅಲ್ಲಿನ ಅರಮನೆಗೂ ಸೇರಿದ್ದು. ಆದುದರಿಂದ ಈ ಪುಣ್ಯದಿನಗಳಲ್ಲಿ ಅದರ ಸ್ಮರಣೆ ಉಚಿತವೇ ಆಗಿದೆ.

ಜನನ ಮತ್ತು ಬಾಲ್ಯ

ಕೃಷ್ಣಮಾಚಾರ್ಯರು 1888ನೆಯ ಇಸವಿ ನವೆಂಬರ್ 18ರಂದು ಅಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದವಿದ್ವಾಂಸರು, ತಾಯಿ ರಂಗನಾಯಕಮ್ಮನವರು. ಒಂಬತ್ತನೆಯ ಶತಮಾನದ ಶ್ರೀವೈಷ್ಣವ ಆಚಾರ್ಯರೂ ಯೋಗಿಗಳೂ ಆಗಿದ್ದ ನಾಥಮುನಿಗಳ ಸಂತತಿ ತಮ್ಮದೆಂಬುದು ಈ ಮನೆತನದವರ ನಂಬಿಕೆ. ಬಾಲಕನಿಗೆ ಉಪನಯನವಾದ ಮೇಲೆ ತಂದೆಯವರೇ ವೇದಪಾಠವನ್ನೂ ಸಂಸ್ಕೃತವನ್ನೂ, ಅದರೊಡನೆ ಆಸನ ಪ್ರಾಣಾಯಾಮಗಳ ಮೊದಲ ಪಾಠವನ್ನೂ ಹೇಳಿಕೊಟ್ಟರು. ಮಂತ್ರವೂ ಉಸಿರೂ ಹೀಗೆ ಒಟ್ಟಿಗೆ ಕಲಿತದ್ದು ಆ ಬಾಳಿನ ಮುಂದಿನ ದಾರಿಗೆ ನಾಂದಿಯಾಯಿತು.

ಹತ್ತು ವರ್ಷದ ಆಸುಪಾಸಿನಲ್ಲಿ ಪಿತೃವಿಯೋಗವಾಯಿತು. ಸಂಸಾರವು ಮೈಸೂರಿಗೆ ಬಂದಿತು. ಮೈಸೂರು ಅರಸರ ರಾಜಗುರುಪೀಠವಾದ ಪರಕಾಲ ಮಠದಲ್ಲಿ ಆಗ ಅವರ ಮನೆತನದ ಹಿರಿಯರೊಬ್ಬರೇ ಪೀಠಾಧಿಪತಿಗಳಾಗಿದ್ದರು. ಆ ಮಠದ ಆರಾಧ್ಯದೈವ ಶ್ರೀ ಲಕ್ಷ್ಮೀಹಯಗ್ರೀವಸ್ವಾಮಿ. ಜ್ಞಾನಾನಂದಮಯನಾದ, ವಿದ್ಯೆಗಳಿಗೆಲ್ಲ ಆಧಾರನಾದ ಆ ಮೂರ್ತಿಯ ಸನ್ನಿಧಿಯಲ್ಲಿ ಬಾಲಕನ ವೇದಾಂತಪಾಠವು ಸಾಗಿತು. ಮುಂದೆ ಎಲ್ಲಿಗೆ ಹೋದರೂ, ಎಂತಹ ಬಡತನ ಬಂದರೂ, ಹಯಗ್ರೀವನ ಆರಾಧನೆಯನ್ನು ಅವರು ಬಿಡಲಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಅವರು ನಮ್ಮಾಳ್ವಾರರ ಕ್ಷೇತ್ರವಾದ ಆಳ್ವಾರ್ ತಿರುನಗರಿಗೆ ಯಾತ್ರೆ ಹೋದರು. ಅಲ್ಲಿ ಬಳಲಿ ಮೈಮರೆತಿದ್ದಾಗ ನಾಥಮುನಿಗಳ ದರ್ಶನವಾಗಿ, ಲುಪ್ತವಾಗಿದ್ದ ಯೋಗರಹಸ್ಯವೆಂಬ ಗ್ರಂಥದ ಶ್ಲೋಕಗಳು ಕಿವಿಗೆ ಬಿದ್ದುವೆಂದು ಅವರು ಮುಂದೆ ಶಿಷ್ಯರಿಗೆ ಹೇಳುತ್ತಿದ್ದರು. ಇದನ್ನು ದೈವಕೃಪೆಯೆಂದು ಭಾವಿಸುವವರುಂಟು. ಆಚಾರ್ಯರ ಸ್ವಂತ ಪ್ರತಿಭೆಯ ಫಲವೆಂದು ಹೇಳುವ ವಿದ್ವಾಂಸರೂ ಉಂಟು. ಆ ಗ್ರಂಥವು ರೋಗಿಗಳು, ಗರ್ಭಿಣಿಯರು, ಗೃಹಸ್ಥರು ಇವರೆಲ್ಲರಿಗೂ ಯೋಗದಲ್ಲಿ ಸ್ಥಾನ ಕೊಡುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ವಿದ್ಯಾರ್ಜನೆಯ ತಪಸ್ಸು

1906ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಅವರು ಕಾಶಿಗೆ ತೆರಳಿದರು. ವ್ಯಾಕರಣ, ತರ್ಕ, ಮೀಮಾಂಸೆ, ಸಾಂಖ್ಯ, ಯೋಗ, ವೇದಾಂತ ಎಂದು ಒಂದೊಂದು ಶಾಸ್ತ್ರಕ್ಕೂ ಅದರದರ ಪಂಡಿತರನ್ನು ಹುಡುಕಿಕೊಂಡು ಹೋದರು. ಊಟಕ್ಕೆ ಭಿಕ್ಷಾನ್ನವೇ ಗತಿಯಾಗಿದ್ದ ದಿನಗಳವು. ದಿನಕ್ಕೆ ಕೆಲವೇ ಮನೆಗಳ ಹಿಟ್ಟನ್ನು ಬೇಡಿ, ರೊಟ್ಟಿ ಬೇಯಿಸಿಕೊಂಡು ಕಾಲ ಕಳೆದರು. ಮೈಸೂರಿಗೆ ಮರಳಿ ವೇದಾಂತವನ್ನು ಮುಂದುವರಿಸಿ, ಮತ್ತೆ ಕಾಶಿಗೆ ಹೋದರು. ಬಂಗಾಳದ ವೈದ್ಯರಾದ ಕೃಷ್ಣಕುಮಾರರಲ್ಲಿ ಆಯುರ್ವೇದವನ್ನು ಅಭ್ಯಾಸ ಮಾಡಿದರು. ದರ್ಶನಗಳನ್ನು ಓದಿದ ಪಂಡಿತರು ಅನೇಕರಿದ್ದರು; ನಾಡಿ ಹಿಡಿಯಬಲ್ಲ ವೈದ್ಯರೂ ಅನೇಕರಿದ್ದರು. ಎರಡನ್ನೂ ಗುರುಮುಖದಿಂದ ಕಲಿತು, ಎರಡನ್ನೂ ಒಂದೇ ಬಾಳಿನಲ್ಲಿ ನಡೆಸಿದವರು ವಿರಳ.

ಯೋಗಶಾಸ್ತ್ರವನ್ನು ಅನುಷ್ಠಾನಸಹಿತವಾಗಿ ಕಲಿಯಬೇಕೆಂಬ ಹಂಬಲವನ್ನು ಕಂಡು, ಮಹಾವಿದ್ವಾಂಸರಾದ ಗಂಗಾನಾಥ ಝಾ ಅವರು ಹಿಮಾಲಯದಾಚೆ ಇದ್ದ ರಾಮಮೋಹನ ಬ್ರಹ್ಮಚಾರಿಗಳ ಹೆಸರನ್ನು ಸೂಚಿಸಿದರಂತೆ. ಕೈಲಾಸ ಮಾನಸಸರೋವರಗಳ ಪ್ರದೇಶಕ್ಕೆ ನಡೆದುಹೋಗಿ, ಗುಹಾವಾಸಿಗಳಾಗಿದ್ದ ಆ ಗುರುಗಳ ಬಳಿ ಏಳೂವರೆ ವರ್ಷಗಳ ಕಾಲ ಶುಶ್ರೂಷೆ ಮಾಡಿದುದಾಗಿ ಆಚಾರ್ಯರು ಹೇಳುತ್ತಿದ್ದರು. ಈ ವರ್ಷಗಳ ಎಣಿಕೆಯಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಗುರುಗಳು ಕೇಳಿದ ದಕ್ಷಿಣೆಯನ್ನು ಶಿಷ್ಯರು ಹೇಗೆ ಸಲ್ಲಿಸಿದರೆಂಬುದು ಲೋಕಕ್ಕೆ ತಿಳಿದ ವಿಷಯ. ಊರಿಗೆ ಹಿಂತಿರುಗಿ, ಮದುವೆಯಾಗಿ, ಸಂಸಾರ ನಡೆಸುತ್ತ ಯೋಗವನ್ನು ಜನರಿಗೆ ಕಲಿಸಬೇಕೆಂಬುದೇ ಆ ದಕ್ಷಿಣೆ. ಯೋಗವು ಕಾಡಿನ ವಿದ್ಯೆಯೆಂದು ಜನ ನಂಬಿದ್ದ ಕಾಲದಲ್ಲಿ ಅದನ್ನು ಗೃಹಸ್ಥನ ಮನೆಯಂಗಳಕ್ಕೆ ಇಳಿಸುವ ಆಜ್ಞೆ ಅದು. ಆ ಮಾತಿಗಾಗಿ ಅವರು ದೊಡ್ಡ ಪದವಿಗಳನ್ನೂ ಬಿಟ್ಟರು. ಪರಕಾಲ ಮಠದ ಪೀಠವನ್ನೇರುವಂತೆ ಆಹ್ವಾನ ಬಂದಾಗಲೂ ಗೃಹಸ್ಥಾಶ್ರಮವನ್ನು ತೊರೆಯಲು ಒಪ್ಪಲಿಲ್ಲ.

1925ರಲ್ಲಿ ನಾಮಗಿರಿಯಮ್ಮನವರ ಪಾಣಿಗ್ರಹಣವಾಯಿತು. ಅಂದು ಯೋಗವಿದ್ಯೆಗೆ ಬೆಲೆ ಕೊಡುವವರಿರಲಿಲ್ಲ. ಷಡ್ದರ್ಶನ ಪಾರಂಗತರಾದ ಪಂಡಿತರು ಹೊಟ್ಟೆಪಾಡಿಗಾಗಿ ಹಾಸನದ ಕಡೆಯ ಕಾಫಿತೋಟದಲ್ಲಿ ಮೇಲ್ವಿಚಾರಕರಾಗಿ ದುಡಿದರು. ಪತ್ನಿಯ ಸೀರೆಯ ತುಂಡನ್ನೇ ಉಡುವಂತಹ ಬಡತನವೂ ಇತ್ತೆಂದು ಮನೆಯವರು ನೆನೆಯುತ್ತಿದ್ದರು. ಕೆಲಸಕ್ಕೆ ರಜವಿದ್ದ ದಿನಗಳಲ್ಲಿ ಊರೂರಿಗೆ ಹೋಗಿ ಯೋಗದ ಉಪನ್ಯಾಸಗಳನ್ನೂ ಪ್ರದರ್ಶನಗಳನ್ನೂ ನಡೆಸಿದರು. 1927ರಲ್ಲಿ ಹಾಸನದಲ್ಲಿ ನಡೆದ ಅಂತಹದೊಂದು ಪ್ರದರ್ಶನವನ್ನು ಕಂಡು ಕೌಶಿಕ ಗ್ರಾಮದ ಹನ್ನೆರಡರ ಬಾಲಕನೊಬ್ಬನು ಮರುದಿನವೇ ಬಂದು ಶಿಷ್ಯನಾದನು. ಅವನೇ ಮುಂದೆ ಮೈಸೂರಿನಲ್ಲಿ ಜಗತ್ಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸರು.

ಎರಡು ಶಾಸ್ತ್ರಗಳ ಸಂಗಮ

ಆಚಾರ್ಯರ ಕಾರ್ಯದ ಮಹತ್ತ್ವವನ್ನು ತಿಳಿಯಲು ಶಾಸ್ತ್ರದ ಒಂದೆರಡು ವಿಷಯಗಳನ್ನು ಇಲ್ಲಿ ನೆನೆಯುವುದು ಅವಶ್ಯ. ಪತಂಜಲಿ ಮಹರ್ಷಿಗಳು ಯೋಗಸೂತ್ರದ ಮೊದಲನೆಯ ಪಾದದಲ್ಲಿ ಸಾಧಕನಿಗೆ ಬರುವ ಒಂಬತ್ತು ವಿಘ್ನಗಳನ್ನು ಎಣಿಸುತ್ತಾರೆ. ಸಂಶಯ, ಆಲಸ್ಯ, ಭ್ರಾಂತಿ ಮುಂತಾದುವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಅವೆಲ್ಲಕ್ಕೂ ಮೊದಲು ಬರುವುದು ವ್ಯಾಧಿ. ವ್ಯಾಧಿಯೆಂದರೆ ಧಾತುಗಳ, ರಸಗಳ, ಇಂದ್ರಿಯಗಳ ವೈಷಮ್ಯವೆಂದು ಭಾಷ್ಯಕಾರರಾದ ವ್ಯಾಸರು ವಿವರಿಸುತ್ತಾರೆ. ಇದು ವೈದ್ಯರ ಪರಿಭಾಷೆಯೇ. ಅತ್ತ ಸುಶ್ರುತಾಚಾರ್ಯರು ಸ್ವಸ್ಥನ ಲಕ್ಷಣವನ್ನು ಹೇಳುವಾಗ ವಾತ ಪಿತ್ತ ಕಫಗಳೆಂಬ ದೋಷಗಳು, ಅಗ್ನಿ, ಧಾತುಗಳು, ಮಲಕ್ರಿಯೆಗಳು ಇವೆಲ್ಲವೂ ಸಮವಾಗಿರಬೇಕೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಆತ್ಮವೂ ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರಬೇಕೆಂದು ಸೇರಿಸುತ್ತಾರೆ. ಇದು ಯೋಗಿಗಳ ಪರಿಭಾಷೆ. ಗೀತಾಚಾರ್ಯನು ಸಮತ್ವವನ್ನೇ ಯೋಗವೆಂದು ಕರೆದು, ಅತಿಯಾಗಿ ಉಣ್ಣುವವನಿಗಾಗಲಿ ಏನೂ ಉಣ್ಣದವನಿಗಾಗಲಿ, ಅತಿನಿದ್ರೆಯವನಿಗಾಗಲಿ ಸದಾ ಎಚ್ಚರವಿರುವವನಿಗಾಗಲಿ ಯೋಗವು ಸಿದ್ಧಿಸದೆಂದು ಅರ್ಜುನನಿಗೆ ತಿಳಿಸುತ್ತಾನೆ. ಹೀಗೆ ಋಷಿಯೂ ವೈದ್ಯನೂ ಭಗವಂತನೂ ಸಮತ್ವವೆಂಬ ಒಂದೇ ಮಾತಿನಲ್ಲಿ ಬಂದು ಸೇರುತ್ತಾರೆ.

ಈ ಏಕತೆಯನ್ನು ಪುಸ್ತಕದಲ್ಲಿ ಓದಿ ಮೆಚ್ಚಿ ಸುಮ್ಮನಾಗದೆ, ಎದುರಿಗೆ ಬಂದು ಕುಳಿತ ಮನುಷ್ಯನಿಗೆ ಅದನ್ನು ಅನ್ವಯಿಸಿದುದು ಕೃಷ್ಣಮಾಚಾರ್ಯರ ಹಿರಿಮೆ. ಪ್ರಕೃತಿ, ವಯಸ್ಸು, ವೃತ್ತಿ, ಋತು, ಬಲ ಇವನ್ನು ನೋಡದೆ ಎಲ್ಲರಿಗೂ ಒಂದೇ ಅಭ್ಯಾಸವನ್ನು ವಿಧಿಸುವುದು ಸಲ್ಲದೆಂಬುದು ಅವರ ಪಕ್ವವಾದ ಬೋಧನೆ. ಬಾಲ್ಯದಲ್ಲಿ ಕಫವೂ, ನಡುವಯಸ್ಸಿನಲ್ಲಿ ಪಿತ್ತವೂ, ಮುಪ್ಪಿನಲ್ಲಿ ವಾತವೂ ಮೇಲಾಗಿರುತ್ತವೆಂದು ಆಯುರ್ವೇದವು ಹೇಳುತ್ತದೆ. ಆಚಾರ್ಯರು ಯೋಗಾಭ್ಯಾಸವನ್ನೂ ಇಂತಹ ಮೂರು ಕ್ರಮಗಳಾಗಿ ವಿಂಗಡಿಸಿದರು. ಬೆಳೆಯುವ ಮಕ್ಕಳಿಗೆ ಸೃಷ್ಟಿಕ್ರಮ. ಅಲ್ಲಿ ಮೈಯನ್ನು ಬಲಪಡಿಸುವ ಆಸನಗಳಿಗೆ ಪ್ರಾಧಾನ್ಯ. ಸಂಸಾರದ ಹೊರೆ ಹೊತ್ತವರಿಗೆ ಸ್ಥಿತಿಕ್ರಮ. ಅಲ್ಲಿ ಮಿತವಾದ ಆಸನ, ಹೆಚ್ಚಿನ ಪ್ರಾಣಾಯಾಮ, ಆರೋಗ್ಯರಕ್ಷಣೆ. ವಯೋವೃದ್ಧರಿಗೆ ಅಂತ್ಯಕ್ರಮ, ಅಲ್ಲಿ ಧ್ಯಾನ, ಜಪ, ಭಗವಚ್ಚಿಂತನೆ.

ಉಸಿರಿನ ವಿಷಯದಲ್ಲಿ ಈ ಸಂಗಮವು ಇನ್ನೂ ಸ್ಪಷ್ಟ. ವಾಗ್ಭಟರು ಚಿಕಿತ್ಸೆಯನ್ನು ಎರಡು ಬಗೆಯಾಗಿ ಹೇಳುತ್ತಾರೆ: ದೇಹವನ್ನು ಪುಷ್ಟಿಗೊಳಿಸುವ ಬೃಂಹಣ, ದೇಹವನ್ನು ಹಗುರಗೊಳಿಸುವ ಲಂಘನ. ಬೃಂಹಣವೆಂದರೆ ಹಾಲು ತುಪ್ಪ, ಲಂಘನವೆಂದರೆ ಉಪವಾಸ ಎಂದೇ ಜನ ತಿಳಿದಿದ್ದರು. ಆಚಾರ್ಯರು ಈ ಎರಡನ್ನೂ ಪ್ರಾಣಾಯಾಮದಲ್ಲಿ ಕಂಡರು. ಬಳಲಿದವನಿಗೆ, ಕೃಶನಿಗೆ, ಉತ್ಸಾಹಗುಂದಿದವನಿಗೆ ದೀರ್ಘವಾದ ಪೂರಕವು, ಎಂದರೆ ಒಳಗೆಳೆಯುವ ಉಸಿರು, ಬೃಂಹಣವಾಗುತ್ತದೆ. ಮೈ ಭಾರವಾದವನಿಗೆ, ತಲೆ ಕಾದವನಿಗೆ, ಕಳವಳಗೊಂಡವನಿಗೆ ನಿಧಾನವಾದ ರೇಚಕವು, ಎಂದರೆ ಹೊರಬಿಡುವ ಉಸಿರು, ಲಂಘನವಾಗುತ್ತದೆ. ಕಾಸಿನ ವೆಚ್ಚವಿಲ್ಲದ ಈ ಔಷಧವು ಪ್ರತಿಯೊಬ್ಬನ ಮೂಗಿನ ತುದಿಯಲ್ಲಿಯೇ ಇದೆ; ಯಾರಿಗೆ ಎಷ್ಟು ಎಂಬುದನ್ನು ಮಾತ್ರ ಬಲ್ಲವರಿಂದ ಅರಿಯಬೇಕು.

ಅದೇ ಉಸಿರು ಅವರಿಗೆ ಪ್ರಪತ್ತಿಯ ಮಾರ್ಗವೂ ಆಗಿತ್ತು. ಚರಾಚರಪ್ರಪಂಚವೆಲ್ಲವೂ ಭಗವಂತನ ಶರೀರವೆಂಬುದು ಶ್ರೀರಾಮಾನುಜರ ಸಿದ್ಧಾಂತ. ಹಾಗಿದ್ದಲ್ಲಿ ಈ ದೇಹವೂ ಅವನದೇ. ಕಾಪಾಡಿಕೊಂಡು ಒಪ್ಪಿಸಬೇಕಾದ ನ್ಯಾಸ ಇದು. ಒಳಬರುವ ಉಸಿರನ್ನು ಭಗವಂತನ ಆಗಮನವೆಂದೂ, ಹೊರಹೋಗುವ ಉಸಿರನ್ನು ತಾನು ಅವನೆಡೆಗೆ ಸಾಗುವುದೆಂದೂ, ಉಸಿರು ತೆರವಾದ ಕ್ಷಣವನ್ನು ಶರಣಾಗತಿಯೆಂದೂ ಭಾವಿಸುವಂತೆ ಅವರು ಕಲಿಸಿದರು. ತಾವು ನಿಷ್ಠಾವಂತ ಶ್ರೀವೈಷ್ಣವರಾಗಿದ್ದರೂ ತಮ್ಮ ಇಷ್ಟದೈವವನ್ನು ಅನ್ಯಮತದ ಶಿಷ್ಯರ ಮೇಲೆ ಹೇರಲಿಲ್ಲ. ಅವರವರ ದೇವರನ್ನು ಅವರವರು ಸ್ಮರಿಸಲೆಂದು ಬಿಟ್ಟರು.

ಅರಮನೆಯ ಯೋಗಶಾಲೆ

1931ರ ಹೊತ್ತಿಗೆ ಆಚಾರ್ಯರ ವಿದ್ವತ್ತು ರಾಜರ್ಷಿಯೆನಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. ಸಂಗೀತ, ಶಿಲ್ಪ, ವಿದ್ಯೆ, ಕೈಗಾರಿಕೆಗಳಿಗೆಲ್ಲ ಆಶ್ರಯ ಕೊಟ್ಟ ಆ ಮಹಾರಾಜರು ಸ್ವತಃ ಮಧುಮೇಹದಿಂದ ಬಳಲುತ್ತಿದ್ದರು. ಆಚಾರ್ಯರಿಂದ ಯೋಗವನ್ನು ಕಲಿತು, ಸಂಸ್ಕೃತ ಪಾಠಶಾಲೆಯಲ್ಲಿ ಅವರಿಗೆ ಉದ್ಯೋಗವಿತ್ತು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆಯಿಸಿದರು. ಅರಮನೆಯ ನೆರವಿನಿಂದ 1934ರಲ್ಲಿ ಯೋಗಮಕರಂದವೂ, 1941ರಲ್ಲಿ ಯೋಗಾಸನಗಳು ಎಂಬ ಗ್ರಂಥವೂ ಹೊರಬಂದುವು. ಎರಡನ್ನೂ ಆಚಾರ್ಯರು ಬರೆದುದು ಕನ್ನಡದಲ್ಲಿ. ಇಂದು ಲೋಕದ ಮೂಲೆಮೂಲೆಯಲ್ಲಿ ಹರಡಿರುವ ಯೋಗಾಭ್ಯಾಸದ ಒಂದು ಮುಖ್ಯ ಆಧಾರಗ್ರಂಥವು ಕನ್ನಡನುಡಿಯಲ್ಲಿ ಹುಟ್ಟಿತೆಂಬುದು ಪರಸ್ಥಳದ ಕನ್ನಡಿಗರು ತಮ್ಮ ಮಕ್ಕಳಿಗೆ ಹೇಳಬೇಕಾದ ಸಂಗತಿ.

ಆ ದಿನಗಳಲ್ಲಿ ಯೋಗದತ್ತ ಜನರನ್ನು ಸೆಳೆಯುವುದೇ ಕಷ್ಟವಾಗಿತ್ತು. ಆಚಾರ್ಯರು ಕಠಿಣವಾದ ಆಸನಗಳನ್ನು ಸಭೆಗಳಲ್ಲಿ ತೋರಿಸುತ್ತಿದ್ದರು. ನಾಡಿಯ ಬಡಿತವನ್ನು ತಗ್ಗಿಸಿ ವೈದ್ಯರನ್ನು ಬೆರಗುಗೊಳಿಸುತ್ತಿದ್ದರು. 1935ರ ಸುಮಾರಿನಲ್ಲಿ ಭಾರತಕ್ಕೆ ಬಂದಿದ್ದ ಫ್ರಾನ್ಸಿನ ಹೃದ್ರೋಗತಜ್ಞೆ ಥೆರೇಸ್ ಬ್ರಾಸ್ ಅವರು ಯಂತ್ರಗಳನ್ನಿಟ್ಟು ಪರೀಕ್ಷಿಸಿದ ಯೋಗಿಗಳಲ್ಲಿ ಆಚಾರ್ಯರೂ ಒಬ್ಬರು. ಯೋಗಶಾಲೆಯಲ್ಲಿ ಅವರ ಶಿಸ್ತು ಬಹು ಬಿಗಿ. ಅವರ ಹೆಜ್ಜೆಯ ಸಪ್ಪಳಕ್ಕೆ ಹುಡುಗರು ನಡುಗುತ್ತಿದ್ದರೆಂದು ಶಿಷ್ಯರೇ ನೆನೆದುದುಂಟು. ಅವರ ಪತ್ನಿಯ ತಮ್ಮನಾದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯಗಳಿಂದ ನರಳಿ, ಕಡ್ಡಿಯಂತಹ ಮೈಯಿಟ್ಟುಕೊಂಡು 1934ರಲ್ಲಿ ಭಾವನ ಮನೆಗೆ ಬಂದರು. ಭಾವನವರ ಕಾಠಿಣ್ಯದಲ್ಲಿ ನೊಂದರು. ಆ ವಿದ್ಯೆಯಿಂದಲೇ ಆರೋಗ್ಯವನ್ನೂ ಪಡೆದರು. ಹುಡುಗರಿಗೆ ಹೊಂದಿದ ಆ ವೇಗ, ಆ ಕಟ್ಟುನಿಟ್ಟುಗಳು ಎಲ್ಲರಿಗೂ ಹೊಂದುವವಲ್ಲವೆಂಬುದು ಆಚಾರ್ಯರ ಮುಂದಿನ ಬಾಳಿನಲ್ಲಿ ಸ್ಪಷ್ಟವಾಯಿತು.

1937ರಲ್ಲಿ ಇಂದ್ರಾದೇವಿಯೆಂಬ ಹೆಸರಿನ ವಿದೇಶೀಯ ಮಹಿಳೆಯೊಬ್ಬರು ಶಿಷ್ಯತ್ವವನ್ನು ಬೇಡಿ ಬಂದರು. ರಷ್ಯಾ ಸಾಮ್ರಾಜ್ಯದ ರೀಗಾ ನಗರದಲ್ಲಿ ಜನಿಸಿದ್ದ ಆಕೆಯನ್ನು ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರ ಮಾತಿಗೆ ಮಣಿದು ಸೇರಿಸಿಕೊಂಡರೂ ಊಟದಲ್ಲಿ, ವೇಳೆಯಲ್ಲಿ ಕಠಿಣ ನಿಯಮಗಳನ್ನು ಹಾಕಿದರು. ಆಕೆ ಒಂದನ್ನೂ ಮೀರಲಿಲ್ಲ. ಕೊನೆಗೆ ಗುರುಗಳೇ ಮನಸ್ಸು ಬದಲಿಸಿ, ಪ್ರಾಣಾಯಾಮವನ್ನೂ ಆಹಾರವಿಧಿಯನ್ನೂ ಹೇಳಿಕೊಟ್ಟು, ಇದನ್ನು ಇತರರಿಗೂ ಕಲಿಸುವಂತೆ ಅಪ್ಪಣೆ ಮಾಡಿದರು. ಆಕೆ ಷಾಂಘಾಯಿಯಲ್ಲಿಯೂ ಅಮೆರಿಕದ ಹಾಲಿವುಡ್ಡಿನಲ್ಲಿಯೂ ಯೋಗಶಾಲೆಗಳನ್ನು ತೆರೆದರು. ಶಿಷ್ಯರು ಸಪ್ತಸಾಗರಗಳನ್ನು ದಾಟಿದರು. ಗುರುಗಳು ಮಾತ್ರ ಸಮುದ್ರವನ್ನು ದಾಟಲೇ ಇಲ್ಲ.

ಆಶ್ರಯ ತಪ್ಪಿದ ಮೇಲೆ

1940ರಲ್ಲಿ ನಾಲ್ವಡಿಯವರು ದಿವಂಗತರಾದರು. ಸ್ವಾತಂತ್ರ್ಯಾನಂತರ ಸಂಸ್ಥಾನದ ಆಡಳಿತವು ಬದಲಾಗಿ, 1950ರಲ್ಲಿ ಯೋಗಶಾಲೆಯು ಮುಚ್ಚಿಹೋಯಿತು. ಅರವತ್ತು ದಾಟಿದ ಆಚಾರ್ಯರು ದೊಡ್ಡ ಸಂಸಾರದೊಡನೆ ಮತ್ತೆ ಬರಿಗೈಯವರಾದರು. ಅರಸನ ಆಶ್ರಯವೂ ಸಭೆಯ ಚಪ್ಪಾಳೆಯೂ ಇಲ್ಲದ ಮೇಲೆ ವಿದ್ಯೆಗೆ ಉಳಿಯುವ ಬೆಲೆ ಯಾವುದೆಂಬ ಪ್ರಶ್ನೆಯನ್ನು ಆ ಮುಪ್ಪಿನಲ್ಲಿ ಅವರು ಎದುರಿಸಬೇಕಾಯಿತು.

ಉತ್ತರವು ರೋಗಿಯೊಬ್ಬರ ಹಾಸಿಗೆಯ ಬಳಿ ಸಿಕ್ಕಿತು. 1952ರಲ್ಲಿ ಪಾರ್ಶ್ವವಾಯುವಿನಿಂದ ನರಳುತ್ತಿದ್ದ ಮದರಾಸಿನ ಪ್ರಸಿದ್ಧ ನ್ಯಾಯವಾದಿಗಳೊಬ್ಬರ ಚಿಕಿತ್ಸೆಗಾಗಿ ಅವರನ್ನು ಕರೆಸಲಾಯಿತು. ಮಲಗಿದಲ್ಲಿಂದ ಏಳಲಾರದವರಿಗೆ ಶೀರ್ಷಾಸನದ ಮಾತೆಲ್ಲಿ? ಉಸಿರಿನೊಡನೆ ಕೈಕಾಲುಗಳ ಸಣ್ಣ ಚಲನೆ, ಪಥ್ಯ, ಔಷಧ, ಮಂತ್ರ ಇವೇ ಅಲ್ಲಿ ಸಾಧನಗಳಾದುವು. ರೋಗಿಯು ಚೇತರಿಸಿಕೊಂಡರು, ಆಚಾರ್ಯರು ಮದರಾಸಿನಲ್ಲಿಯೇ ನೆಲೆಸಿದರು. ವಿವೇಕಾನಂದ ಕಾಲೇಜಿನಲ್ಲಿ ಯೋಗಪಾಠ ಹೇಳಿದರು. ಮನೆಗೆ ಬರುವವರನ್ನು ಒಬ್ಬೊಬ್ಬರನ್ನಾಗಿಯೇ ನೋಡತೊಡಗಿದರು.

ಅವರ ಪರೀಕ್ಷೆಯ ಕ್ರಮವೇ ವಿಶಿಷ್ಟವಾಗಿತ್ತು. ಮೊದಲು ನಾಡಿಯನ್ನು ಹಿಡಿಯುವರು. ಮೈಬಣ್ಣ, ಉಸಿರಾಟ, ನಡಿಗೆಗಳನ್ನು ಗಮನಿಸುವರು. ಊಟ, ನಿದ್ರೆ, ಮಲಶುದ್ಧಿ, ಉದ್ಯೋಗ, ಮನೆಯ ಪರಿಸ್ಥಿತಿ ಎಲ್ಲವನ್ನೂ ವಿಚಾರಿಸುವರು. ಆಮೇಲೆಯೇ ಅವರಿಗೆಂದೇ ಅಭ್ಯಾಸಕ್ರಮವೊಂದನ್ನು ಗೊತ್ತುಮಾಡುವರು. ಅದರಲ್ಲಿ ಕೆಲವೇ ಆಸನಗಳು, ಎಣಿಸಿ ಹೇಳಿದ ಉಸಿರುಗಳು, ಬಿಡಬೇಕಾದ ಮತ್ತು ಕೊಳ್ಳಬೇಕಾದ ಆಹಾರ, ಕೆಲವೊಮ್ಮೆ ಮೂಲಿಕೆ ಅಥವಾ ತೈಲ, ಅವರವರ ಶ್ರದ್ಧೆಗೆ ತಕ್ಕ ಪ್ರಾರ್ಥನೆ ಇರುತ್ತಿದ್ದುವು. ಒಬ್ಬರಿಗೆ ಹೇಳಿದುದನ್ನು ಇನ್ನೊಬ್ಬರು ನೋಡಿ ಅನುಕರಿಸುವುದು ಅವರಿಗೆ ಸಮ್ಮತವಾಗಿರಲಿಲ್ಲ. ಮೈಸೂರಿನ ಕಾಠಿಣ್ಯವು ಇಲ್ಲಿ ಕರಗಿ ಕರುಣೆಯಾಯಿತು. ಶಾಸ್ತ್ರನಿಷ್ಠೆ ಮಾತ್ರ ಕಿಂಚಿತ್ತೂ ಸಡಿಲಲಿಲ್ಲ.

ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ಇಂಜಿನಿಯರಿಂಗ್ ಪದವೀಧರರು. ತಂದೆಯ ವಿದ್ಯೆಯಲ್ಲಿ ಅವರಿಗೆ ಮೊದಲು ಆಸಕ್ತಿಯಿರಲಿಲ್ಲ. 1960ರ ದಶಕದ ಆರಂಭದಲ್ಲಿ ಒಂದು ದಿನ ಮನೆಯ ಮುಂದೆ ಕಾರಿನಿಂದಿಳಿದ ವಿದೇಶೀಯ ಮಹಿಳೆಯೊಬ್ಬರು ಸಂಪ್ರದಾಯಸ್ಥರಾದ ಆಚಾರ್ಯರನ್ನು ಕಂಡೊಡನೆ ಕೃತಜ್ಞತೆಯಿಂದ ಅಪ್ಪಿಕೊಂಡುಬಿಟ್ಟರು. ಅನೇಕ ವರ್ಷಗಳಿಂದ ನಿದ್ರೆಯಿಲ್ಲದೆ ಬಳಲಿದ್ದ ಆಕೆಗೆ ಹಿಂದಿನ ರಾತ್ರಿ ಮಾತ್ರೆಯ ಹಂಗಿಲ್ಲದೆ ನಿದ್ರೆ ಬಂದಿತ್ತು. ತುದಿಬಾಗಿಲಲ್ಲಿ ಇದನ್ನು ಕಂಡ ಮಗನು ಬೆರಗಾಗಿ, ದೊರೆಯಲಿದ್ದ ಉದ್ಯೋಗವನ್ನು ಬಿಟ್ಟು, ತಂದೆಯಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡರು. 1976ರಲ್ಲಿ ಅವರು ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರವನ್ನು ಸ್ಥಾಪಿಸಿದರು.

ವೇದಘೋಷವು ಪುರುಷರಿಗೆ ಮಾತ್ರವೆಂದು ಬಹುಮಂದಿ ಹೇಳುತ್ತಿದ್ದ ಕಾಲದಲ್ಲಿ ಆಚಾರ್ಯರು ಸ್ತ್ರೀಯರಿಗೂ ಅದನ್ನು ಕಲಿಸಿದರು. ಸ್ತ್ರೀಯು ಆರೋಗ್ಯವಂತಳಾಗಿ ಸಾಧನೆ ಮಾಡಿದರೆ ಮನೆಯೂ ಮುಂದಿನ ಪೀಳಿಗೆಯೂ ಉಳಿದಾವೆಂಬುದು ಅವರ ದೃಢವಾದ ನಿಲುವು. ಸಾಂಖ್ಯಯೋಗಶಿಖಾಮಣಿ, ಮೀಮಾಂಸಾರತ್ನ, ವೇದಾಂತವಾಗೀಶ ಮುಂತಾದ ಬಿರುದುಗಳಿದ್ದರೂ ಅವರ ದಿನಚರಿಯು ಸಾಮಾನ್ಯ ಗೃಹಸ್ಥನದು. ಬೆಳಗಿನ ಜಾವಕ್ಕೆ ಏಳುವುದು, ಅಭ್ಯಾಸ, ಹಯಗ್ರೀವಪೂಜೆ, ಪಾಠ, ಮಿತವಾದ ಊಟ. ಇದರಲ್ಲಿ ಯಾವುದೊಂದನ್ನೂ ಅವರು ಇನ್ನೊಂದರಿಂದ ಬೇರ್ಪಡಿಸಲಿಲ್ಲ.

ಕಡೆಯ ಪರೀಕ್ಷೆ

ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಆ ವಯಸ್ಸಿನಲ್ಲಿ ಹಾಸಿಗೆ ಹಿಡಿದವರು ಮೇಲೇಳುವುದು ಅಪರೂಪ. ಆಚಾರ್ಯರು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಮೂವತ್ತು ವರ್ಷಗಳ ಹಿಂದೆ ಮದರಾಸಿನ ರೋಗಿಗೆ ಹೇಳಿಕೊಟ್ಟುದನ್ನು ಈಗ ತಮಗೇ ಹೇಳಿಕೊಂಡಂತೆ, ಮಲಗಿದಲ್ಲಿಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ರಚಿಸಿಕೊಂಡರು. ಹಾಸಿಗೆಯ ಮೇಲೆಯೇ ಮಂತ್ರ, ಅಲ್ಲಿಯೇ ಪ್ರಾಣಾಯಾಮ, ಅಲ್ಲಿಯೇ ಪಾಠ. ಇದು ಎಲ್ಲರೂ ಅನುಕರಿಸಬೇಕಾದ ಚಿಕಿತ್ಸೆಯೆಂದು ಭಾವಿಸುವುದು ತಪ್ಪು. ತೊಂಬತ್ತು ವರ್ಷಗಳ ಅಭ್ಯಾಸದ ಬಲವುಳ್ಳವರ ನಿರ್ಧಾರವದು. ಆದರೆ ಆಸನಗಳ ಸಾಮ್ರಾಟರೆನಿಸಿದವರು ಆಸನವನ್ನೇ ಮಾಡಲಾರದ ಸ್ಥಿತಿಯಲ್ಲಿಯೂ ಯೋಗಿಯಾಗಿಯೇ ಉಳಿದರೆಂಬುದು ಇಲ್ಲಿ ಗ್ರಹಿಸಬೇಕಾದ ತತ್ತ್ವ. ಮೈಯ ಬಾಗುಬಳುಕು ಹೋದರೂ ಸಮತ್ವವು ಹೋಗಲಿಲ್ಲ.

1988ರಲ್ಲಿ ಶಿಷ್ಯರು ಅವರ ಶತಮಾನೋತ್ಸವವನ್ನು ಆಚರಿಸಿದರು. 1989ರ ಫೆಬ್ರವರಿ 28ರಂದು, ನೂರು ಸಂವತ್ಸರಗಳನ್ನು ಪೂರೈಸಿ, ಅವರು ಭಗವಂತನ ಪಾದವನ್ನು ಸೇರಿದರು. ದೀರ್ಘಕಾಲ ಕಾಪಾಡಿಕೊಂಡು ಬಂದ ನ್ಯಾಸವನ್ನು ಒಡೆಯನಿಗೆ ಹಿಂತಿರುಗಿಸಿದರು.

ಈ ಊರಿಗೆ ಬಂದ ಪ್ರಸಾದ

ಕೃಷ್ಣಮಾಚಾರ್ಯರ ವಿದ್ಯೆಯು ಮುಂಬಯಿಯ ಸುತ್ತಿನವರಿಗೆ ದೂರದ್ದಲ್ಲ. ಗುರುಗಳ ಅಪ್ಪಣೆಯಂತೆ ಅಯ್ಯಂಗಾರರು 1937ರಲ್ಲಿ ಪುಣೆಗೆ ಬಂದರು. ಮರಾಠಿ ಬಾರದ, ಪರಿಚಯವಿಲ್ಲದ ಊರಿನಲ್ಲಿ ಹಸಿವನ್ನೂ ಅವಮಾನವನ್ನೂ ನುಂಗಿ ಕಾಲೂರಿದರು. ಹೊಟ್ಟೆಪಾಡಿಗಾಗಿ ಪರನಾಡಿಗೆ ಬಂದ ಕನ್ನಡಿಗರಿಗೆ ಆ ಅನುಭವವನ್ನು ವಿವರಿಸಬೇಕಾಗಿಲ್ಲ. ಜಗದ್ವಿಖ್ಯಾತ ಪಿಟೀಲುವಾದಕ ಯಹೂದಿ ಮೆನುಹಿನ್ನರು 1952ರಲ್ಲಿ ಅವರನ್ನು ಕಂಡು ಶಿಷ್ಯರಾದುದು ಮುಂಬಯಿಯಲ್ಲಿಯೇ. ಮುಂದೆ ಅಯ್ಯಂಗಾರರು ವಾರದ ಕೊನೆಯಲ್ಲಿ ಪುಣೆಯಿಂದ ಮುಂಬಯಿಗೆ ಬಂದು ಪಾಠ ಹೇಳಿದರು. ಕರ್ಜತ್, ಕಲ್ಯಾಣ, ಡೊಂಬಿವಲಿ, ಥಾಣೆಗಳ ಮೂಲಕ ಹಾದುಬರುವ ಆ ರೈಲುಹಳಿಯ ದಾರಿಯಲ್ಲಿಯೇ ಮೈಸೂರು ಅರಮನೆಯ ವಿದ್ಯೆಯೂ ಇತ್ತ ಬಂದಿತು. 2015ರಿಂದ ಪ್ರತಿವರ್ಷ ಜೂನ್ 21ರಂದು ಲೋಕವೇ ಯೋಗದಿನವನ್ನು ಆಚರಿಸುವಾಗ, ಅದರ ಹಿಂದೆ ಮುಚುಕುಂದಪುರದ ಒಬ್ಬ ವೈದಿಕನ ಶ್ರಮವೂ ಇದೆಯೆಂದು ನೆನೆಯುವವರು ಕಡಿಮೆ.

ಆಚಾರ್ಯರ ಬಾಳು ದುಡಿಯುವ ಗೃಹಸ್ಥನಿಗೆ ಹೇಳುವುದು ಇಷ್ಟೇ. ಕಾಡಿಗೆ ಹೋಗಬೇಕಾಗಿಲ್ಲ, ಕೆಲಸವನ್ನು ಬಿಡಬೇಕಾಗಿಲ್ಲ, ಚಿತ್ರದಲ್ಲಿ ಕಂಡ ಕಠಿಣಾಸನಗಳಿಗೆ ಮೈಯನ್ನು ಹಿಂಸಿಸಬೇಕಾಗಿಲ್ಲ. ತನ್ನ ಪ್ರಕೃತಿಯನ್ನೂ ವಯಸ್ಸನ್ನೂ ಅರಿತು, ಹೊಟ್ಟೆಯಲ್ಲಿ ಒಂದಷ್ಟು ತೆರವನ್ನುಳಿಸಿ ಉಂಡು, ಬಲ್ಲವರಿಂದ ತಿಳಿದ ಅಲ್ಪ ಅಭ್ಯಾಸವನ್ನು ನಿತ್ಯವೂ ನಡೆಸಿ, ದೇವರ ದೀಪದ ಮುಂದೆ ಕುಳಿತಾಗ ಉಸಿರನ್ನು ನಿಧಾನವಾಗಿ ಬಿಟ್ಟು ಮನಸ್ಸನ್ನು ಅವನಿಗೊಪ್ಪಿಸಿದರೆ ಅದೇ ಯೋಗ. ರೋಗ ಬಂದಾಗ ವೈದ್ಯನ ಬಳಿಗೆ ಹೋಗುವುದೂ ಈ ಆಯುಧವನ್ನು ಕಾಪಾಡುವ ಧರ್ಮವೇ.

ಈ ಮಹಾನವಮಿಯಂದು ಪುಸ್ತಕ, ಯಂತ್ರ, ವಾಹನಗಳಿಗೆ ಹೂವೇರಿಸುವ ಕೈಗಳು ಕ್ಷಣಕಾಲ ಎದೆಯ ಮೇಲೆ ನಿಂತು, ಒಳಗೆ ಬಂದುಹೋಗುವ ಉಸಿರಿಗೂ ಒಂದು ನಮಸ್ಕಾರವನ್ನು ಸಲ್ಲಿಸಲಿ. ಮೈಸೂರಿನ ಬೆಟ್ಟದ ತಾಯಿ ಚಾಮುಂಡೇಶ್ವರಿಯೂ, ಆಚಾರ್ಯರ ಆರಾಧ್ಯದೈವ ಶ್ರೀ ಲಕ್ಷ್ಮೀಹಯಗ್ರೀವನೂ ಪರನಾಡಿನಲ್ಲಿ ದುಡಿಯುವ ಕನ್ನಡಿಗರೆಲ್ಲರಿಗೂ ದೇಹದಲ್ಲಿ ಸಮತ್ವವನ್ನೂ ಮನಸ್ಸಿನಲ್ಲಿ ಪ್ರಸನ್ನತೆಯನ್ನೂ ಕರುಣಿಸಲಿ.